ಮಾತಾಡುವ ಸೌಟು

ಕತ್ತಲಲ್ಲಿ ಒಂದೊಂದೇ ಮೆಟ್ಟಿಲು ತಡವುತ್ತ ಕಾತ್ಯಾಯಿನಿ ಎಚ್ ಸಾಲನ್ನು ಹುಡುಕುತ್ತಿದ್ದರು. ಬಾಗಿಲಲ್ಲಿ ಟಿಕೆಟ್ ಕೇಳಬೇಕಾಗಿದ್ದ ಹೆಣ್ಣುಮಗಳು ವಿಷಯ ತಿಳಿದ ಮೇಲೆ ಏನನ್ನೂ ಕೇಳದೆ ಜೊತೆಗೆ ಬಂದಿದ್ದಳು. ಟಾರ್ಚಿನ ಬೆಳಕು ಸಿನಿಮಾ ನೋಡುವವರ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದು, ಕಾತ್ಯಾಯಿನಿಯ ಪಾದದ ಮುಂದಷ್ಟೇ ಬೀಳಿಸುತ್ತಿದ್ದಳು.

"ಇದೇ ಸಾಲು ಆಂಟಿ. ಹುಷಾರು, ಇನ್ನೊಂದು ಮೆಟ್ಟಿಲಿದೆ."

ಸೇತುರಾಮ ಸಾಲಿನ ತುದಿಯಿಂದ ಎರಡನೆಯ ಸೀಟಿನಲ್ಲಿ ಕೂತಿದ್ದರು. ತುದಿಯ ಸೀಟು ಖಾಲಿ, ತಂಗಿಗೆಂದು ಇಟ್ಟದ್ದು. ಬೇರೆ ಯಾರೂ ಕೂರದಿರಲೆಂದು ಅದರ ಮೇಲೆ ತಮ್ಮ ಕೊಡೆಯನ್ನು ಮಲಗಿಸಿದ್ದರು. ಹೆಂಡತಿಯನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು. ಆದರೂ ಕಣ್ಣು ಪರದೆಗೇ ಮರಳಿತು.

"ನೀನ್ಯಾಕೆ ಬಂದೆ? ಅವಳು ಬರ್ಲಿಲ್ಲ ನೋಡು. ಟಿಕೆಟ್ ಕಳ್ಸಿದ್ರೂ ಬರ್ಲಿಲ್ಲ. ಮೂರು ವರ್ಷ ಆದ್ರೂ ಕಮಲಾ ಹಟ ಬಿಡ್ಲಿಲ್ಲ."

ಕಾತ್ಯಾಯಿನಿ ಕೊಡೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಆ ಸೀಟಿನಲ್ಲಿ ಕೂತರು. ಗಂಡನ ಕೈ ಹಿಡಿದರು.

"ಹೊರಟಿದ್ಲು ರೀ. ಸೀರೆ ಉಟ್ಟು, ಟಿಕೆಟ್ ಬ್ಯಾಗಲ್ಲಿಟ್ಕೊಂಡು, ಆಟೋಗೆ ಕಾಯ್ತಾ ಕುರ್ಚೀಲಿ ಕೂತಿದ್ಲಂತೆ. ಹಾಗೇ ಹೋಗ್ಬಿಟ್ಟಿದಾಳೆ. ಮಹಡಿ ಮನೆ ಮೈತ್ರೇಯಿ ಕೆಳಗಿಳಿದು ಬಂದು ನೋಡೋ ಹೊತ್ತಿಗೆ ಆಗ್ಹೋಗಿತ್ತು. ಡಾಕ್ಟ್ರೂ ಬಂದು ನೋಡಿ ಹೋದ್ರು."

ಪರದೆಯ ಮೇಲೆ ಒಬ್ಬ ಹುಡುಗಿ ದೀಪವನ್ನೆತ್ತಿ ಹಿಡಿದಳು. ಇಡೀ ಸಭಾಂಗಣ ಬೆಳಗಿತು, ಜನ ಶಿಳ್ಳೆ ಹಾಕಿದರು. ಆ ಬೆಳಕಿನಲ್ಲಿ ಸೇತುರಾಮ ಹೆಂಡತಿಯ ಮುಖವನ್ನಷ್ಟೇ ನೋಡಿದರು. ಆಮೇಲೆ ಎದ್ದರು. ಮೆಟ್ಟಿಲಿಳಿಯುವ ಮುನ್ನ ಒಮ್ಮೆ ಹಿಂತಿರುಗಿದರು. ನೋಡಿದ್ದು ಪರದೆಯನ್ನಲ್ಲ, ತುದಿಯ ಸೀಟನ್ನು.

*

ಸಿನಿಮಾದ ಇಂಗ್ಲಿಷ್ ಹೆಸರು ಏನೇ ಇರಲಿ, ಸೇತುರಾಮರ ಸಿನಿಮಾ ಗುಂಪಿನಲ್ಲಿ ಅದು 'ದೀಪನೌಕೆ'. ನಂದಿಹೋದ ನಕ್ಷತ್ರಗಳಿಗೆ ಬೆಳಕು ಹೊತ್ತು ತಿರುಗುವ ಒಂದು ನೌಕೆ, ಆ ದೀಪವನ್ನು ತಲೆಮಾರಿನಿಂದ ಕಾಯುತ್ತಿರುವ ಒಂದು ವಂಶ. ಆ ಸರಣಿಯ ಮೊದಲನೆಯದನ್ನು ನೋಡಲು ಅಣ್ಣ ತಂಗಿ ಮೆಜೆಸ್ಟಿಕ್ಕಿನ ಟಾಕೀಸಿಗೆ ಹೋದಾಗ ಕಮಲಾದೇವಿಗೆ ಇಪ್ಪತ್ತೊಂಬತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಣದ ಊರಿನ ಕಾಣದ ಜನರನ್ನು ಒಬ್ಬರಿಗೊಬ್ಬರು ಸೇರಿಸುವ ಕೆಲಸ.

ಎರಡನೆಯ ಸಿನಿಮಾ ಬರುವ ಹೊತ್ತಿಗೆ ಅವರ ಸುತ್ತ ಏಳೆಂಟು ಜನ ಸೇರಿದ್ದರು. ಸಿನಿಮಾ ಮುಗಿದ ಭಾನುವಾರ ಜಯನಗರದ ಸೇತುರಾಮರ ಮನೆಯಲ್ಲಿ ಊಟ, ಊಟದ ಮೇಲೆ ಚರ್ಚೆ. ಎಲ್ಲರೂ ಒಟ್ಟಿಗೆ ಅರಚುತ್ತಿದ್ದರು. ಒಂದು ದಿನ ಕಮಲಾದೇವಿ ಹುಳಿ ಬಡಿಸುತ್ತಿದ್ದ ಅತ್ತಿಗೆ ಕಾತ್ಯಾಯಿನಿಯ ಕೈಯಿಂದ ಸ್ಟೀಲ್ ಸೌಟನ್ನು ತೆಗೆದುಕೊಂಡು, ತೊಳೆದು ಒರೆಸಿ ನಡುಮನೆಗೆ ತಂದರು.

"ನಮ್ಮ ಎಕ್ಸ್‌ಚೇಂಜಲ್ಲಿ ಒಂದು ಲೈನಲ್ಲಿ ಒಬ್ರೇ ಮಾತಾಡ್ಬೇಕು, ಇನ್ನೊಬ್ರು ಕೇಳ್ಬೇಕು. ಇಲ್ಲೂ ಹಾಗೇ. ಸೌಟು ಯಾರ ಕೈಲಿರುತ್ತೋ ಅವರ ಮಾತು. ಸೌಟಿಲ್ದೆ ಆಡಿದ ಮಾತು ಲೆಕ್ಕಕ್ಕಿಲ್ಲ."

ಮೊಬೈಲ್ ಬಂದ ಮೇಲಿನ ಇನ್ನೊಂದು ನಿಯಮವೂ ಅವರದೇ. ಹೊಸ ಸಿನಿಮಾ ಬರುವ ಹಿಂದಿನ ಸಂಜೆಯಿಂದ ಎಲ್ಲರೂ ಫೋನ್ ಆಫ್ ಮಾಡಬೇಕು, ಯಾರೂ ಯಾರಿಗೂ ಕತೆ ಬಿಟ್ಟುಕೊಡಬಾರದು. ಹಾಗಾಗಿಯೇ ಆ ಶುಕ್ರವಾರ ಬೆಳಿಗ್ಗೆ ಅವರು ಹೋದ ಸುದ್ದಿ ಗುಂಪಿನಲ್ಲಿದ್ದ ಅವರ ಅತ್ಯಂತ ಪ್ರೀತಿಯ ಜನರಲ್ಲಿ ಒಬ್ಬರಿಗೂ ತಲುಪಲಿಲ್ಲ.

ಹಳಬರು ಹೋದರು, ಹೊಸಬರು ಬಂದರು. ವಿಶ್ರುತ್ ಬಂದ, ಸುರಭಿ ಬಂದಳು. ಸುಮಾರು ನಲವತ್ತು ವರ್ಷ ಸೌಟು ಕೈಯಿಂದ ಕೈಗೆ ಹೋಯಿತು. ಕಾತ್ಯಾಯಿನಿ ಕಾಫಿ ತಂದುಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ಕೈಗೆ ಅದು ಯಾವತ್ತೂ ಬರಲಿಲ್ಲ, ಅಡುಗೆಮನೆಯಲ್ಲಿ ಬಿಟ್ಟರೆ.

*

ತ್ಯಾಗರಾಜನಗರದಲ್ಲಿ ಕಮಲಾದೇವಿಯ ಮನೆಯ ರಸ್ತೆಯನ್ನು ಒಳಚರಂಡಿಗೆಂದು ಅಗೆದುಹಾಕಿದ್ದರು. ಆಟೋದವರು ತಿರುವಿನಲ್ಲೇ ಇಳಿಸಿದರು. ನಡುಮನೆಯಲ್ಲಿ ಕಮಲಾದೇವಿಯನ್ನು ಮಲಗಿಸಿದ್ದರು. ಸಿನಿಮಾಕ್ಕೆಂದು ಉಟ್ಟಿದ್ದ ತಿಳಿನೀಲಿ ಇಳಕಲ್ ಸೀರೆ. ಕನ್ನಡಕವನ್ನು ಮಾತ್ರ ಯಾರೋ ತೆಗೆದು, ಒರೆಸಿ, ಪಕ್ಕದಲ್ಲಿ ಮಡಿಸಿಟ್ಟಿದ್ದರು.

ತಲೆಯ ಬಳಿ ಮೈತ್ರೇಯಿ ಕೂತಿದ್ದಳು. ಮಹಡಿಯ ಮೇಲೆ ಬಾಡಿಗೆಗಿದ್ದ ನರ್ಸ್ ಲತಾಮಣಿಯ ಮಗಳು. ತಾಯಿಗೆ ಆಸ್ಪತ್ರೆಯ ಪಾಳಿ ಬಿದ್ದಾಗೆಲ್ಲ ಕೆಳಗಿಳಿದು ಬಂದು, ಬರಬರುತ್ತ ಕೆಳಗಿನ ಮನೆಯವಳೇ ಆಗಿಬಿಟ್ಟವಳು. ಈಗ ಕನಕಪುರ ರಸ್ತೆಯ ಮೆಟ್ರೊ ಓಡಿಸುತ್ತಾಳೆ. ಅವಳು ಮೊದಲ ಸಲ ರೈಲು ಓಡಿಸಿದ ದಿನ ಕಮಲಾದೇವಿ ಬನಶಂಕರಿ ನಿಲ್ದಾಣದಲ್ಲಿ ಸ್ವೀಟ್ ಡಬ್ಬಿ ಹಿಡಿದು ನಿಂತು, "ನಮ್ಮನೆ ಹುಡುಗಿ ಪೈಲಟ್" ಎಂದು ಗುರುತಿಲ್ಲದವರಿಗೆಲ್ಲ ಹಂಚಿದ್ದರು.

ಸೇತುರಾಮ ತಂಗಿಯ ಪಾದದ ಹತ್ತಿರ ಗೋಡೆಗೊರಗಿ ಕೂತರು.

ಪುರೋಹಿತರು ಗಡಿಯಾರ ನೋಡಿದರು. "ಹತ್ತೂವರೆಯಿಂದ ರಾಹುಕಾಲ. ಹನ್ನೆರಡಕ್ಕೆ ಎತ್ತೋಣ. ಕರ್ಮ ಮಾಡೋರು ಯಾರು?"

"ನಾನೇ," ಎಂದ ಕೈಲಾಸ್. ಸೇತುರಾಮರ ಒಬ್ಬನೇ ಮಗ. ಆಗಲೇ ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟಿದ್ದ. "ಸೋದರತ್ತೆ. ನಾನಲ್ದೆ ಇನ್ಯಾರು?"

ಮೈತ್ರೇಯಿ ತಲೆಯೆತ್ತಿದಳು. ಅವಳ ದನಿ ಸಣ್ಣದಿತ್ತು, ನಡುಗುತ್ತಿರಲಿಲ್ಲ.

"ನಾನು ಮಾಡ್ಲಾ?"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

*

ಮೂರು ವರ್ಷದ ಹಿಂದೆ ಎಂಟನೆಯ ಸಿನಿಮಾ ಬಂದಾಗಲೂ ಹೀಗೆಯೇ ಆಗಿತ್ತು. ಅದರಲ್ಲಿ ಸಾಯುವ ಕ್ಯಾಪ್ಟನ್ ದೀಪವನ್ನು ಕೊಟ್ಟಿದ್ದು ತನ್ನ ಅಣ್ಣನ ಮಗನಿಗಲ್ಲ, ನೌಕೆಯ ಎಂಜಿನ್ ರೂಮಿನ ಹುಡುಗಿಗೆ. ಅವಳಿಗೆ ಹಿಂದುಮುಂದಿಲ್ಲ, ವಂಶದ ಹೆಸರಿಲ್ಲ. ಗುಂಪು ಎರಡಾಯಿತು.

"ನಲವತ್ತು ವರ್ಷ ಒಂದು ಮನೆತನದ ಕತೆ ಹೇಳಿ, ಕೊನೇಲಿ ಯಾರದೋ ಕೈಗೆ ದೀಪ ಕೊಟ್ರೆ, ನಾವು ನೋಡಿದ್ದೆಲ್ಲ ಏನು? ಸುಳ್ಳಾ?" ಸೇತುರಾಮ ಸೌಟು ಹಿಡಿದು ಕೇಳಿದ್ದರು. ನಿಜವಾಗಿಯೂ ನೊಂದಿದ್ದರು.

ಸೌಟು ಕಮಲಾದೇವಿಗೆ ಬಂತು. "ಆರನೇದರಲ್ಲಿ ದೀಪ ನಂದೋ ಹಾಗಾದಾಗ ರಾತ್ರಿಯೆಲ್ಲ ಕೂತು ಕಾದಿದ್ದು ಯಾರು ಅಣ್ಣ? ಈ ಹುಡುಗೀನೇ. ಆಗ ಅವಳು ಮಗು, ಒಂದೇ ಸೀನು, ನಿಂಗೆ ಮರೆತುಹೋಗಿದೆ. ಕಾದವರ ಕೈಗೆ ಬಂತು. ಕತೆ ಬದಲಾಗಿಲ್ಲ, ನಾವು ಸರಿಯಾಗಿ ನೋಡಿರ್ಲಿಲ್ಲ."

ವಿಶ್ರುತ್ ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು. ತಮ್ಮ ಮನೆಯಲ್ಲೇ ಸೋತ ಸಿಟ್ಟಿನಲ್ಲಿ ಸೇತುರಾಮ ಬರಿಗೈಯಲ್ಲಿ ಮಾತಾಡಿಬಿಟ್ಟರು.

"ಮನೆತನ ಅಂದ್ರೆ ನಿಂಗೇನು ಗೊತ್ತು? ನೀನು ಸಂಸಾರ ಮಾಡಿದವಳಾ?"

ನಗು ನಿಂತಿತು. ಕಮಲಾದೇವಿ ಎದ್ದು, ಚಪ್ಪಲಿ ಮೆಟ್ಟಿ, ಗೇಟು ದಾಟಿ ಹೊರಟುಹೋದರು. ಸೌಟು ಅವರ ಕೈಯಲ್ಲೇ ಇತ್ತು. ಮನೆ ಸೇರುವ ತನಕ ಅವರಿಗೇ ಗೊತ್ತಾಗಲಿಲ್ಲ.

ಕೊಡಲು ಅವರು ಬರಲಿಲ್ಲ, ಕೇಳಲು ಇವರು ಹೋಗಲಿಲ್ಲ. ಕಾತ್ಯಾಯಿನಿ ಅಂಗಡಿಯಿಂದ ಹೊಸ ಸೌಟು ತಂದರು. ಅದರ ಹಿಡಿ ಕೈಗೆ ಕೂರಲೇ ಇಲ್ಲ.

*

ಹನ್ನೊಂದಕ್ಕೆ ವಿಶ್ರುತ್, ಸುರಭಿ ಮತ್ತು ಉಳಿದವರು ಓಡುತ್ತ ಬಂದರು. ಬೇರೆ ಟಾಕೀಸಿನಲ್ಲಿ ಸಿನಿಮಾ ಮುಗಿಸಿ, ಹೊರಗೆ ಬಂದು ಫೋನ್ ಆನ್ ಮಾಡಿದಾಗಷ್ಟೇ ತಿಳಿದಿತ್ತು. ಅತ್ತು ಮುಗಿದ ಮೇಲೆ ಅಂಗಳದ ಪಾರಿಜಾತದ ಕೆಳಗೆ ನಿಂತರು. ಸ್ವಲ್ಪ ಹೊತ್ತಿಗೆ, ತಡೆಯಲಾಗದೆ, ಪಿಸುದನಿ ಶುರುವಾಯಿತು.

"ನೌಕೆ ಸದ್ದೇ ಬದಲಾಯ್ಸಿದಾರೆ ಗುರು. ಆ ಹಳೇ ಗುಂಯ್ ಅನ್ನೋದೇ ಇಲ್ಲ."

"ಹೊಸ ಎಂಜಿನ್ ಹಾಕಿದ್ಮೇಲೆ ಹಳೇ ಸದ್ದು ಎಲ್ಲಿಂದ ಬರುತ್ತೆ ಮಗಾ?"

"ಎಂಜಿನ್ ಹೊಸದಾದ್ರೆ ಬಣ್ಣ ಯಾಕೆ ಬಿಳಿ? ಆಂಬ್ಯುಲೆನ್ಸ್ ಥರ ಇದೆ."

"ಶ್, ಮೆಲ್ಲಗೆ. ಒಳಗೆ ಕೇಳ್ಸುತ್ತೆ."

ಕಿಟಕಿಯಿಂದ ಸೇತುರಾಮರ ದನಿ ಬಂತು. ಮನೆಗೆ ಬಂದ ಮೇಲೆ ಅವರು ಆಡಿದ ಮೊದಲ ಮಾತು.

"ಮಾತಾಡ್ರಪ್ಪ. ಅವಳಿಗೂ ಕೇಳ್ಸ್ಲಿ. ಕೊನೆ ಮಾತ್ರ ಹೇಳ್ಬೇಡಿ. ನಾನು ಅರ್ಧಕ್ಕೆ ಎದ್ದು ಬಂದಿದೀನಿ."

ಒಳಗಿನ ಚರ್ಚೆ ಮುಗಿದಿರಲಿಲ್ಲ. ಕೈಲಾಸ್ ಕೆಟ್ಟವನಲ್ಲ. "ನಾನಿರೋವಾಗ ಬೇರೆಯವರು ಮಾಡಿದ್ರೆ ನನ್ನ ಮುಖ ಎಲ್ಲಿಡ್ಲಿ?" ಎಂದು ಕೇಳುತ್ತಿದ್ದ. ಯಾರೋ ಗೋತ್ರ ಎಂದರು, ಯಾರೋ ಹೆಣ್ಣುಮಕ್ಕಳು ಸ್ಮಶಾನಕ್ಕೆ ಹೋಗುವುದೇ ಎಂದರು. ಪುರೋಹಿತರು ಸೋತು ಹೇಳಿದರು, "ಹಿರಿಯರು ಸೇತುರಾಮಯ್ಯನವರು. ಅವರು ಒಪ್ಪಿದ್ರೆ ನನ್ನ ಅಡ್ಡಿ ಇಲ್ಲ."

ಸೇತುರಾಮ ತಂಗಿಯ ಪಾದ ನೋಡುತ್ತ ಕೂತೇ ಇದ್ದರು.

ಕುಡಿಯಲು ನೀರು ತರಲೆಂದು ಕಾತ್ಯಾಯಿನಿ ಅಡುಗೆಮನೆಗೆ ಹೋದರು. ಒಲೆಯ ಮೇಲ್ಗಡೆ, ಮೊಳೆಯಲ್ಲಿ, ಒಂಟಿಯಾಗಿ ಅವರ ಮನೆಯ ಹಳೆಯ ಸೌಟು ನೇತಾಡುತ್ತಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂದೆಯೇ ಬಂದ ಮೈತ್ರೇಯಿ ಹೇಳಿದಳು:

"ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಉಜ್ಜೋರು. ಒಂದಿನಾನೂ ಪಾತ್ರೆಗೆ ಹಾಕ್ಲಿಲ್ಲ ಆಂಟಿ. 'ಅಣ್ಣ ಇದನ್ನ ಕೇಳೋಕೆ ಬರ್ತಾನೆ' ಅನ್ನೋರು. ನಾನೊಂದ್ಸಲ ಕೇಳ್ದೆ, ಅವರು ಹಾಗಂದಿದ್ದು ಬೇಜಾರಿಲ್ವಾ ಅತ್ತೆ ಅಂತ. 'ಅಣ್ಣನ ಕೈಲಿ ಸೌಟಿರ್ಲಿಲ್ಲ ಕಣೇ, ಆ ಮಾತು ಲೆಕ್ಕಕ್ಕಿಲ್ಲ' ಅಂದ್ರು."

ಕಾತ್ಯಾಯಿನಿ ಸೌಟನ್ನು ಮೊಳೆಯಿಂದ ತೆಗೆದರು. ಹಿಡಿ ಕೈಯಲ್ಲಿ ಸರಿಯಾಗಿ ಕೂತಿತು. ನೀರು ಮರೆತೇ ಹೋಯಿತು.

ನಡುಮನೆಯ ಮಧ್ಯೆ ಅವರು ನಿಂತದ್ದನ್ನು ಮೊದಲು ನೋಡಿದವನು ಬಾಗಿಲಲ್ಲಿದ್ದ ವಿಶ್ರುತ್. ಅವನು ತಟ್ಟನೆ ಸುಮ್ಮನಾದ. ಸುರಭಿ ಸುಮ್ಮನಾದಳು. ನಿಯಮ ಗೊತ್ತಿಲ್ಲದ ನೆಂಟರೂ ಏನೋ ಇದೆಯೆಂದು ಬಾಯಿ ಮುಚ್ಚಿದರು.

"ನಾನು ನಿಮ್ಮ ಸಿನಿಮಾ ಒಂದೂ ಪೂರ್ತಿ ನೋಡಿಲ್ಲ," ಎಂದರು ಕಾತ್ಯಾಯಿನಿ. "ಮೊದಲನೇದಕ್ಕೆ ಹೋಗಿ ನಿದ್ದೆ ಮಾಡ್ದೆ. ನಲವತ್ತು ವರ್ಷ ನಿಮಗೆ ಕಾಫಿ ಕೊಟ್ಟೆ, ನಿಮ್ಮ ಮಾತು ಕೇಳ್ದೆ. ಇವತ್ತು ನನ್ನ ಮಾತು ಕೇಳಿ. ಕಮಲಾಗೆ ಮಂಡಿ ಆಪರೇಷನ್ ಆದಾಗ ಆರು ವಾರ ಸ್ನಾನ ಮಾಡ್ಸಿದ್ದು ಈ ಹುಡುಗಿ. ಕಣ್ಣಿಗೆ ಪೊರೆ ಬಂದಾಗ ದಿನಾ ಪೇಪರ್ ಓದಿ ಹೇಳಿದ್ದು ಈ ಹುಡುಗಿ. ನಾವು ಫೋನಲ್ಲಿ ವಿಚಾರಿಸ್ಕೊಂಡ್ವಿ. ಕೈಲಾಸ, ನಿನ್ನ ದೂರ್ತಿಲ್ಲ ಮಗನೆ, ನಾನೂ ಅಷ್ಟೇ ಮಾಡಿದ್ದು." ಉಸಿರು ತೆಗೆದುಕೊಂಡು ಗಂಡನ ಕಡೆ ತಿರುಗಿದರು. "ಅವತ್ತು ನಿಮ್ಮ ಕೈಲಿ ಇದು ಇರ್ಲಿಲ್ವಂತೆ. ಆ ಮಾತನ್ನ ಅವಳು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಮೈತ್ರೇಯಿ ಹತ್ರ ಹೇಳಿದಾಳೆ. ನಂದು ಮುಗೀತು. ತಗೊಳ್ಳಿ."

ಸೇತುರಾಮ ಸೌಟನ್ನು ಎರಡೂ ಕೈಯಲ್ಲಿ ಹಿಡಿದರು. ಅದರ ಹೊಳಪಿನಲ್ಲಿ ಅವರ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಗೋಡೆ ಹಿಡಿದು ನಿಧಾನವಾಗಿ ಎದ್ದು, ತಂಗಿಯ ಮುಖದ ಕಡೆ ನಡೆದು ಹೋಗಿ ನಿಂತರು. ಅವರು ಹೇಳಿದ್ದು ಅವಳಿಗೆ; ಕೇಳಿಸಿದ್ದು ಎಲ್ಲರಿಗೆ.

"ಇದು ಲೆಕ್ಕಕ್ಕೆ ತಗೋ ಕಮಲಾ. ಸೌಟು ಹಿಡ್ಕೊಂಡೇ ಹೇಳ್ತಿದೀನಿ. ನೀನು ಹೇಳಿದ್ದೇ ಸರಿ. ಎಂಟನೇದೂ ಸರಿ. ಆರನೇದರ ಆ ಸೀನು, ಆಮೇಲೆ ಮನೇಲಿ ಹಾಕ್ಕೊಂಡು ಹತ್ತು ಸಲ ನೋಡ್ದೆ. ನಿಂಗೆ ಹೇಳ್ಲಿಲ್ಲ."

ವಿಶ್ರುತ್ ಅಳುತ್ತಲೇ ನಕ್ಕುಬಿಟ್ಟ.

"ಮೈತ್ರೇಯಿ, ಬಾಮ್ಮ. ಬೆಂಕಿ ನೀನು ಹಿಡಿ."

ಕೈಲಾಸ್ ಒಂದು ಗಳಿಗೆ ನೆಲ ನೋಡಿದ. ಆಮೇಲೆ ತನ್ನ ಹೆಗಲ ಮೇಲಿನ ಒದ್ದೆ ವಸ್ತ್ರ ತೆಗೆದು ಮೈತ್ರೇಯಿಯ ಹೆಗಲಿಗೆ ಹೊದಿಸಿದ. "ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸ್ಕೋ," ಎಂದ. "ಹೊಗೆ ಮುಖಕ್ಕೆ ಬರುತ್ತೆ, ಮಡಕೇನ ಸ್ವಲ್ಪ ದೂರ ಹಿಡಿ."

*

ಹನ್ನೆರಡು ದಾಟಿತ್ತು. ಬನಶಂಕರಿಯ ಚಿತಾಗಾರಕ್ಕೆ ಹೋಗುವ ವಾಹನ ತಿರುವಿನಲ್ಲೇ ನಿಂತಿದ್ದರಿಂದ ಅಗೆದ ರಸ್ತೆಯುದ್ದಕ್ಕೂ ನಡೆಯಬೇಕಿತ್ತು. ಪೈಪ್ ಹಾಕುತ್ತಿದ್ದ ಕೆಲಸದವರು ಹಾರೆ ಕೆಳಗಿಟ್ಟು, ಗುಂಡಿಗೆ ಅಡ್ಡಲಾಗಿ ಎರಡು ಹಲಗೆ ಹಾಕಿಕೊಟ್ಟು, ತಲೆಯ ರುಮಾಲು ತೆಗೆದು ನಿಂತರು.

ಮುಂದೆ ಮೈತ್ರೇಯಿ, ಬರಿಗಾಲಲ್ಲಿ, ಬೆಂಕಿಯ ಮಡಕೆ ಹಿಡಿದು. ಅವಳಿಗಿಂತ ಎರಡು ಹೆಜ್ಜೆ ಮುಂದೆ ಕೈಲಾಸ್ ಬಗ್ಗಿ ಬಗ್ಗಿ ಅವಳ ದಾರಿಯ ಜಲ್ಲಿಕಲ್ಲುಗಳನ್ನು ಕೈಯಿಂದ ಪಕ್ಕಕ್ಕೆ ಸರಿಸುತ್ತಿದ್ದ. ಗುಂಪಿನವರು ಹೆಗಲು ಕೊಟ್ಟಿದ್ದರು, ಸುರಭಿಯೂ ಕೊಟ್ಟಿದ್ದಳು. ಗೇಟಿನಲ್ಲೇ ನಿಲ್ಲಬೇಕಾಗಿದ್ದ ಕಾತ್ಯಾಯಿನಿ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದರು. ಯಾರೂ ಬೇಡವೆನ್ನಲಿಲ್ಲ.

ಮಹಡಿಯ ಕಿಟಕಿಗಳಿಂದ ಜನ ಬಗ್ಗಿ ನೋಡಿದರು. ಸೇತುರಾಮ ತಂಗಿಯ ಪಕ್ಕದಲ್ಲೇ, ನೆಟ್ಟಗೆ ನಡೆಯುತ್ತಿದ್ದರು. ಅವರ ಬಲಗೈಯಲ್ಲಿ ಸೌಟು ಹಾಗೆಯೇ ಇತ್ತು, ನಡುಹಗಲ ಬಿಸಿಲಿಗೆ ಮೇಲೆದ್ದು ಹೊಳೆಯುತ್ತಿತ್ತು. ಕೆಳಗಿಡುವುದನ್ನು ಅವರು ಮರೆತಿದ್ದರು. ಕಾತ್ಯಾಯಿನಿ ನೋಡಿದರು, ಹೇಳಲಿಲ್ಲ. ವಿಶ್ರುತ್ ನೋಡಿದ, ಹೇಳಲಿಲ್ಲ. ಸೌಟು ಅವರ ಕೈಯಲ್ಲಿದ್ದುದರಿಂದ, ತಿರುವು ತಲುಪುವವರೆಗೂ, ಉಳಿದವರು ಯಾರೂ ಮಾತಾಡಲಿಲ್ಲ.