ಹತ್ತು ರಾಟೆ

"ಲೇ ಮುಂಡೇವಾ, ಹೆಣದ ಮುಂದೆ ಕುಂತಂಗೆ ಕುಂತ್ರೆ ಸಾಹೇಬ್ರು ಏನಂದ್ಕಂತಾರೆ? ಕೈಯಾಡ್ಸೆ! ನಿನಗೇ ಹೇಳ್ತಿರೋದು, ಕೆಮ್ಮೋಳೇ!"

ಶಿವಕುಮಾರಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಕೆಮ್ಮುತ್ತಿದ್ದವಳು ಕಾಳಕ್ಕ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ರಾಟೆ ತಿರುಗಿಸಿದಳು. ಎಳೆ ಪಟ್ಟನೆ ಹರಿಯಿತು. ರಾಟೆ ಹೊಸದು. ಹಸಿರು ಬಣ್ಣ ಬಳಿದು ಅಡಿಹಲಗೆಯ ಮೇಲೆ ಬಿಳಿಯಲ್ಲಿ ಇಲಾಖೆಯ ನಂಬರು ಬರೆದಿದ್ದರು. ಅಂಥವು ಹತ್ತು, ಹತ್ತು ಹೆಂಗಸರ ಮುಂದೆ. ಬೆಳಿಗ್ಗೆ ವ್ಯಾನಿನಲ್ಲಿ ಬಂದಿಳಿದಿದ್ದವು.

"ಇದು ಹತ್ತಿ ನೂಲೋ ರಾಟೆ ಸಾವ್ಕಾರ್ರೆ. ಕದಿರು ಸಣ್ಣದು. ಉಣ್ಣೆ ನಿಲ್ಲಲ್ಲ," ಎಂದಳು ನಿಂಗಕ್ಕ.

"ನಿಂತ್ರೆ ನಿಲ್ಲಲಿ, ಬಿಟ್ರೆ ಬಿಡ್ಲಿ. ನೀನು ತಿರುಗಿಸ್ತಾ ಇರು. ನಿನ್ನೇನು ಕಂಬಳಿ ನೇಯಾಕೆ ಕರ್ಸಿಲ್ಲ ಇಲ್ಲಿ."

ನಿಂಗಕ್ಕ ಮತ್ತೆ ರಾಟೆಗೆ ಕೈ ಹಾಕಿದಳು. ಐವತ್ತು ದಾಟಿದ ಹೆಂಗಸು. ಗಂಡ ಪಾಲಯ್ಯ ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ, ಅವಳು ಹಿಂಜಿ ನೂತು ಕೊಡುತ್ತಿದ್ದಳು. ಬೀರನಹಟ್ಟಿಯ ಎಲ್ಲ ಮನೆಯಲ್ಲೂ ಅದೇ ಬದುಕು. ಮತ್ತೋಡಿನ ಕಡೆಯ ಆ ಹಟ್ಟಿಯ ಉಣ್ಣೆ ನೂಲುವ ಮಹಿಳೆಯರ ಸಂಘಕ್ಕೆ ಅವಳೇ ಅಧ್ಯಕ್ಷೆ. ಹಾಗೆಂದು ಶೆಡ್ಡಿನ ಬಾಗಿಲ ಮೇಲೆ ಬರೆದಿತ್ತು. ಬಾಗಿಲ ಬೀಗದ ಕೈ ಮಾತ್ರ ಸಂಘದ ಸಲಹೆಗಾರ ಶಿವಕುಮಾರಪ್ಪನ ಉಡಿದಾರದಲ್ಲಿತ್ತು. ಅವನು ಕೊಬ್ಬರಿ ವ್ಯಾಪಾರಿ. ಏಳು ವರ್ಷದಿಂದ ಶೆಡ್ಡಿನ ತುಂಬ ಅವನ ಚೀಲಗಳು. ನಿನ್ನೆ ಅವನ ಆಳುಗಳು ಚೀಲ ಹೊರಹಾಕಿ, ಗೋಡೆಗೆ ಸುಣ್ಣ ಬಳಿದು ಹೋಗಿದ್ದರು. ಸುಣ್ಣದ ಘಾಟಿನಡಿಯಲ್ಲೂ ಕಮಟು ಕೊಬ್ಬರಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಆ ಜಾಗ ಮೊದಲು ಹಟ್ಟಿಯವರದು. ಬಯಲಿನಲ್ಲಿ ನೂಲಿನ ಹಾಸು ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಸವರಿ ಒಣಗಿಸುತ್ತಿದ್ದರು. ಇಲಾಖೆಯ ವಿಸ್ತರಣಾಧಿಕಾರಿ ಏಕಾಂತಪ್ಪ ಬಂದು, "ಜಾಗ ಬಿಡ್ರಿ, ಶೆಡ್ ಬರ್ತೈತೆ. ಶೆಡ್ಡಿನಾಗೆ ಉಣ್ಣೆ ಹಿಂಜೋ ಯಂತ್ರ ಬರ್ತೈತೆ," ಎಂದಾಗ ಬಿಟ್ಟುಕೊಟ್ಟರು. ಗಂಡಸರಿಗೆ ಮನಸ್ಸಿರಲಿಲ್ಲ, ಹೆಂಗಸರೇ ಹಟ ಹಿಡಿದಿದ್ದರು. ಹಿಂಜುವುದು ಹೆಂಗಸರ ಕೆಲಸ. ಕೊಳೆ ಉಣ್ಣೆಯ ದೂಳು ಕುಡಿದು ಕುಡಿದು ನಲವತ್ತಕ್ಕೆಲ್ಲ ಎದೆ ಕಟ್ಟುತ್ತದೆ. ನಿಂಗಕ್ಕನ ತಾಯಿ ಹಾಗೇ ಸತ್ತಿದ್ದಳು. ಈಗ ಕಾಳಕ್ಕ ರಾತ್ರಿಯೆಲ್ಲ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಾಳೆ.

ಶೆಡ್ಡು ಬಂತು. ಯಂತ್ರ ಬರಲಿಲ್ಲ.

ಹೋದ ವರ್ಷ ನಿಂಗಕ್ಕ ಸೊಸೆ ಓಬವ್ವನನ್ನು ಕರೆದುಕೊಂಡು ದುರ್ಗದ ಜಿಲ್ಲಾ ಆಫೀಸಿಗೇ ಹೋಗಿದ್ದಳು. ಓಬವ್ವ ಏಳನೇ ಕ್ಲಾಸಿನವರೆಗೆ ಓದಿದವಳು. ಮೊದಲ ಮೇಜಿನವನು ತಲೆ ಎತ್ತದೆ, "ಶೆಡ್ ಕಟ್ಟೋದಷ್ಟೇ ನಮ್ಮ ವಿಭಾಗ. ಯಂತ್ರ ಮೇಲ್ಗಡೆ," ಎಂದ. ಮೇಲ್ಗಡೆಯವನು, "ಮಗ್ಗ ಆದ್ರೆ ನಮ್ದು. ಉಣ್ಣೆ ಹಿಂಜೋದು ನಮ್ದಲ್ಲ, ಅದು ಬೇರೆ ನಿಗಮ, ಆಚೆ ಬೀದಿ," ಎಂದ. ಆಚೆ ಬೀದಿಯವನು, "ಕುರಿ ಮೈಮ್ಯಾಲೆ ಇರೋ ತನಕ ಉಣ್ಣೆ ನಮ್ದು. ಕತ್ತರಿಸಿದ ಮ್ಯಾಲೆ ಅವರದು. ಅಲ್ಲೇ ಹೋಗ್ರಿ," ಎಂದು ನಕ್ಕ. ತಿರುಗಿ ಬಂದಾಗ ಊಟದ ಹೊತ್ತು. ಜವಾನ ಹೊರಗೆ ನಿಲ್ಲಿಸಿದ.

ಆ ವರಾಂಡದ ಗೋಡೆಗೆ ದೊಡ್ಡದೊಂದು ಹಲಗೆ ತೂಗುಹಾಕಿದ್ದರು. ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಗೆರೆಗಳು. ಓಬವ್ವ ಮೇಲಿನಿಂದ ಓದುತ್ತ ಬಂದಳು. ಮಂತ್ರಿಗಳು. ಕಾರ್ಯದರ್ಶಿಗಳು. ನಿರ್ದೇಶಕರು. ಜಂಟಿ ನಿರ್ದೇಶಕರು. ಉಪ ನಿರ್ದೇಶಕರು. ಸಾಲ, ಕಚ್ಚಾಮಾಲು, ಯಂತ್ರೋಪಕರಣ, ಮಾರಾಟ, ತರಬೇತಿ. ವಿಸ್ತರಣಾಧಿಕಾರಿ.

"ನಾವೆಲ್ಲಿದೀವಿ ಇದರಾಗೆ?" ಎಂದು ನಿಂಗಕ್ಕ ಕೇಳಿದಳು.

ಓಬವ್ವ ಬಗ್ಗಿ ನೋಡಿದಳು. "ಫಲಾನುಭವಿಗಳು ಅಂತ ಕೆಳಗೈತೆ ಅತ್ತಿ. ನಾವೇ ಇರ್ಬೇಕು. ಗೆರೆ ಮಾತ್ರ ಇಲ್ಲಿಗಂಟ ಬಂದಿಲ್ಲ."

ಆ ದಿನ ಅವರು ಮೇಲಿನ ಅಧಿಕಾರಿಗಳ್ಯಾರನ್ನೂ ಕಾಣದೆ ವಾಪಸಾಗಿದ್ದರು.

ಈಗ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆಂದು ಏಕಾಂತಪ್ಪ ನಿನ್ನೆ ಮನೆಮನೆಗೂ ಬಂದು ಹೇಳಿದ್ದ. "ಅವರು ಒಪ್ಪಿದ್ರೆ ಯಂತ್ರ ಬಂದಂಗೇ ಅಂತ ತಿಳ್ಕಳ್ರಿ. ಒಂದು ದಿನ ಬರ್ರಿ, ಅಕ್ಕದೀರು." ಆ ಮಾತಿಗೆ ಹತ್ತು ಮಂದಿ ಬಂದಿದ್ದರು. ಬಂದ ಕೂಡಲೇ ಅವನು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ. ಓಬವ್ವ ಮಾತ್ರ ಸಹಿ ಹಾಕಿದಳು. ಹಾಕುವ ಮುಂಚೆ ಓದಿದಳು.

ಏಳಕ್ಕೆ ಕೂತವರು ಹನ್ನೆರಡಾದರೂ ಕೂತೇ ಇದ್ದರು. ದ್ಯಾಮಮ್ಮ ಬಯಲಿಗೆ ಹೋಗಬೇಕೆಂದು ಎದ್ದರೆ ಶಿವಕುಮಾರಪ್ಪ ಕೈ ಅಡ್ಡ ಹಿಡಿದ. "ಸಾಹೇಬ್ರು ಬರೋ ಹೊತ್ತಿಗೆ ಒಂದು ರಾಟೆ ಖಾಲಿ ಕಂಡ್ರೆ? ಕಟ್ಕಂಡು ಕುಂತ್ಕ. ದಿನಾ ಬೇಲಿ ಮರೆ ಹುಡುಕೋ ಮಂದಿಗೆ ಇವತ್ತೇ ಅವಸರ."

ದ್ಯಾಮಮ್ಮ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣಲ್ಲಿ ನೀರು ಬಂತು. ಯಾರೂ ಅತ್ತ ನೋಡಲಿಲ್ಲ.

ಹನ್ನೆರಡೂವರೆಗೆ ಜೀಪು ಬಂತು. ಸಾಹೇಬರು ತೆಳ್ಳನೆಯ ಮನುಷ್ಯ, ದಣಿದ ಮುಖ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ನಿಂಗಕ್ಕನ ಮುಂದೆ ನಿಂತು, "ಹೇಗೆ ನಡೀತಿದೆ ತಾಯಿ ಉದ್ಯೋಗ?" ಎಂದರು.

"ಚೆನ್ನಾಗಿದೆ ಸಾರ್. ಮೊದಲಿಗಿಂತ ಎರಡರಷ್ಟು ನೂಲು ತೆಗೀತಾರೆ," ಎಂದ ಏಕಾಂತಪ್ಪ.

"ಸಂತೋಷ."

ಶಿವಕುಮಾರಪ್ಪ ಹಾರ ಹಾಕಿದ. ಫೋಟೋ ತೆಗೆದರು. ಎಳನೀರು ಕುಡಿದು ಸಾಹೇಬರು ಹೊರಟರು. ಅಷ್ಟೂ ಆಗಲು ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಲಿಲ್ಲ. ನಿಂಗಕ್ಕ ಬಾಯಿ ತೆರೆಯುವುದರಲ್ಲಿ ಜೀಪಿನ ದೂಳು ಎದ್ದಿತ್ತು.

"ಯಂತ್ರದ ಮಾತು ಕೇಳ್ಲೇ ಇಲ್ವಲ್ಲ ಏಕಾಂತಪ್ಪ?"

"ಕೇಳಾಣ, ಕೇಳಾಣ. ಈಗ ಏಳ್ರಿ ಎಲ್ಲಾರೂ. ರಾಟೆ ವ್ಯಾನಿಗೆ ಹಾಕ್ರಿ."

"ಯಾಕೆ?"

ಏಕಾಂತಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. "ಸಾಹೇಬ್ರು ಹೊಸದುರ್ಗದಾಗೆ ಊಟ ಮಾಡಿ ನಾಕು ಗಂಟೆಗೆ ಹೊಳಲ್ಕೆರೆ ಕಡೆ ಕೇಂದ್ರ ನೋಡ್ತಾರೆ. ಅಲ್ಲಿ ಹೆಂಗಸ್ರು ಕೂಲಿಗೆ ಹೋಗ್ಬಿಟ್ಟವ್ರೆ, ಒಬ್ರೂ ಬರಲ್ಲ ಅಂದವ್ರೆ. ನೀವೂ ವ್ಯಾನಿನಾಗೆ ಬಂದ್ಬಿಡ್ರಿ. ಅಲ್ಲೊಂದಿಷ್ಟು ಹೊತ್ತು ಕುಂತ್ರೆ ಆಯ್ತು. ಯಂತ್ರದ ವಿಷ್ಯ ಅಲ್ಲೇ ಮಾತಾಡಾಣ."

ಹೆಂಗಸರು ನಿಂಗಕ್ಕನ ಮುಖ ನೋಡಿದರು.

"ಥೂ, ನಾಟಕದ ಕಂಪ್ನಿ ಮಾಡ್ಕಂಡ್ರಲ್ಲೋ ನಮ್ಮನ್ನ," ಎಂದಳು ಕಾಳಕ್ಕ.

"ಬಾಯ್ಮುಚ್ಕಂಡು ಹತ್ತೆ," ಎಂದ ಶಿವಕುಮಾರಪ್ಪ. ಆಗಲೇ ಅವನ ಆಳುಗಳು ಕೊಬ್ಬರಿ ಚೀಲ ಹೊತ್ತು ಒಳಗೆ ಬರುತ್ತಿದ್ದರು.

ಯಂತ್ರದ ಆಸೆಗೆ ನಿಂಗಕ್ಕ ಹತ್ತಿದಳು. ಅವಳು ಹತ್ತಿದ್ದಕ್ಕೆ ಉಳಿದವರೂ ಹತ್ತಿದರು.

ದಾರಿಯಲ್ಲಿ ದ್ಯಾಮಮ್ಮನಿಗಾಗಿ ಒಂದೇ ಕಡೆ ವ್ಯಾನು ನಿಲ್ಲಿಸಿದರು. ಊಟವೆಂದು ಒಂದೊಂದು ಬನ್ನು ಕೊಟ್ಟರು. ಹೊಳಲ್ಕೆರೆಯ ಹತ್ತಿರದ ಆ ಹಳ್ಳಿಯಲ್ಲೂ ಅಂಥದೇ ಶೆಡ್ಡು, ಅದೇ ನೀಲಿ ಬಾಗಿಲು. ಒಳಗೆ ಆಡಿನ ಹಿಕ್ಕೆ ಗುಡಿಸಿ ಮೂಲೆಗೆ ತಳ್ಳಿದ್ದರು. ಹತ್ತು ರಾಟೆ ಸಾಲಾಗಿ ಇಟ್ಟು ಹತ್ತು ಹೆಂಗಸರನ್ನು ಕೂರಿಸಿದರು. ಏಕಾಂತಪ್ಪ ಎಲ್ಲರಿಗೂ ಸೆರಗು ತಲೆಯ ಮೇಲೆ ಮುಂದಕ್ಕೆ ಎಳೆದುಕೊಳ್ಳುವಂತೆ ಹೇಳಿದ. ಕಾಳಕ್ಕನನ್ನು ಹಿಂದಿನ ಕತ್ತಲ ಮೂಲೆಗೆ ಹಾಕಿದ, ಕೆಮ್ಮಿನಿಂದ ಗುರುತು ಸಿಕ್ಕೀತೆಂದು.

ಸಾಹೇಬರು ನಾಲ್ಕೂವರೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮತ್ತೆ ನಿಂಗಕ್ಕನ ಮುಂದೆಯೇ ನಿಂತರು.

"ಹೇಗೆ ನಡೀತಿದೆ ತಾಯಿ ಉದ್ಯೋಗ?"

ನಿಂಗಕ್ಕ ತಲೆ ಎತ್ತಿ ಅವರ ಕಣ್ಣನ್ನೇ ನೋಡಿದಳು. ಇವರಿಗೆ ಗುರುತು ಸಿಗಬಹುದೆಂದು ಒಂದು ಗಳಿಗೆ ಕಾದಳು. ಸಿಗಲಿಲ್ಲ. ಸೆರಗನ್ನು ಹಿಂದಕ್ಕೆ ಸರಿಸಿದಳು.

"ಮಧ್ಯಾಹ್ನ ಮತ್ತೋಡು ಕಡೆ ಇದೇ ಮಾತು ಕೇಳಿದ್ರಲ್ಲ ಸ್ವಾಮಿ. ಅದೇ ನಿಂಗಕ್ಕ ನಾನು. ಬೀರನಹಟ್ಟಿಯೋಳು. ಇವರೂ ಅವರೇ. ರಾಟೆನೂ ಅವೇ."

ಏಕಾಂತಪ್ಪ ಅಡ್ಡ ಬರುವುದರೊಳಗೆ ಅವಳೇ ಮುಂದುವರಿಸಿದಳು.

"ಉಣ್ಣೆ ಹಿಂಜೋ ಯಂತ್ರ ಕೊಡ್ತೀವಿ ಅಂತ ಜಾಗ ತಗಂಡ್ರಿ. ಏಳು ವರ್ಷ ಆಯ್ತು. ಯಾವಾಗ ಬರ್ತೈತೆ ಸ್ವಾಮಿ?"

ಸಾಹೇಬರು ಪಕ್ಕದ ಗುಮಾಸ್ತನಿಂದ ಫೈಲು ಇಸಿದುಕೊಂಡರು. ಹಾಳೆ ಮಗುಚಿದರು. "ಬೀರನಹಟ್ಟಿ... ಹತ್ತು ರಾಟೆ, ಹಿಂಜುವ ಯಂತ್ರ ಒಂದು. ಅಳವಡಿಸಲಾಗಿದೆ. ಎಲ್ಲಾ ವಿತರಣೆ ಆಗಿದೆಯಲ್ಲಮ್ಮ. ನಿಮ್ಮದೇ ಹೆಬ್ಬೆಟ್ಟಿದೆ." ಅವರು ಏಕಾಂತಪ್ಪನ ಕಡೆ ತಿರುಗಿದರು. "ಏನ್ರೀ ಇದು? ಇವರು ಇಲ್ಲಿ ಯಾಕಿದ್ದಾರೆ?"

ಏಕಾಂತಪ್ಪ ಮುಂದೆ ಬಂದ. "ತರಬೇತಿ ಸಾರ್. ಅಲ್ಲಿ ಕಲಿತವರು ಇಲ್ಲಿನವರಿಗೆ ಹೇಳಿಕೊಡೋಕೆ ಬಂದಿದ್ದಾರೆ. ಯಂತ್ರ... ರಿಪೇರಿಗೆ ಹೋಗಿದೆ ಸಾರ್. ಪಾಪ, ಓದಿಲ್ಲದೋರು, ತಿಳಿಯಲ್ಲ."

ಸಾಹೇಬರು ಗಡಿಯಾರ ನೋಡಿದರು, ಹಿಕ್ಕೆಯ ಗುಡ್ಡೆ ನೋಡಿದರು. ಎಲ್ಲ ಗೊತ್ತಾದ ಮುಖ ಅದು. ಗೊತ್ತಾದದ್ದನ್ನು ಏನು ಮಾಡಬೇಕೆಂದು ತಿಳಿಯದ ಮುಖವೂ ಹೌದು. "ತರಬೇತಿ ಅಂತ ಬರೆದುಕೊಳ್ಳಿ," ಎಂದು ಗುಮಾಸ್ತನಿಗೆ ಹೇಳಿ ಹೊರನಡೆದರು.

ಜೀಪು ಹೋದ ಮೇಲೆ ಏಕಾಂತಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ ಅರಚಿದ. "ನನ್ನ ಕೆಲ್ಸ ತೆಗಸ್ಬೇಕು ಅಂತಿದ್ಯೇನೇ ಬೋಸುಡಿ? ಮೂರು ಹೆಣ್ಮಕ್ಳು ಅದಾವೆ ನಂಗೆ! ಏಳ್ರಿ, ರಾಟೆ ಎತ್ರಿ. ನಾಳೆ ಹಿರಿಯೂರು, ಮಾರಿಕಣಿವೆ. ರಾತ್ರಿ ಇಲ್ಲೇ ಜಗಲಿ ಮ್ಯಾಲೆ ಬಿದ್ಕಂಡಿರ್ರಿ."

ಯಾರೂ ಏಳಲಿಲ್ಲ.

"ಯಂತ್ರ ಎಲ್ಲೈತಪ್ಪ?" ಎಂದಳು ನಿಂಗಕ್ಕ, ಮೆತ್ತಗೆ.

"ನಂಗೇನ್ ಗೊತ್ತು? ಶೆಡ್ ಎದ್ದ ವರ್ಷಾನೇ ಅದು ಬಂದೈತೆ ಅಂತ ಮ್ಯಾಲಿನೋರು ಬರ್ದಿದ್ರು. ನಾನು ಅಳಿಸಾಕಾಯ್ತದಾ? ಯಂತ್ರದ್ದು ನನ್ನ ವಿಭಾಗ ಅಲ್ಲ."

ನಿಂಗಕ್ಕ ಸೊಸೆಯ ಕಡೆ ತಿರುಗಿದಳು. "ಬೆಳಿಗ್ಗೆ ಸಹಿ ಹಾಕ್ದ್ಯಲ್ಲ, ಏನು ಬರ್ದಿತ್ತು?"

"ಕೆಳಗೆ ಸಹಿ ಮಾಡಿದೋರಿಗೆ ತಲಾ ಒಂದು ರಾಟೆ ಕಾಯಂ ಆಗಿ ಕೊಟ್ಟೈತೆ ಅಂತ," ಎಂದಳು ಓಬವ್ವ.

"ಅದು ಬರೀ ಕಾಗದಕ್ಕೆ," ಎಂದ ಏಕಾಂತಪ್ಪ.

"ನಮ್ಮ ಹೆಬ್ಬೆಟ್ಟು ಬರೀ ಕಾಗದಕ್ಕಾ?" ನಿಂಗಕ್ಕ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಸೆರಗಿನ ತುದಿ ಸುತ್ತಿ ಸಿಂಬಿ ಮಾಡಿದಳು. ರಾಟೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. "ಯಂತ್ರ ಫೈಲಿನಾಗೆ ಐತೆ. ಇದು ಕಣ್ಮುಂದೆ ಐತೆ. ಕಣ್ಮುಂದೆ ಇರೋದನ್ನ ಹೊತ್ಕಂಡು ಹೋಗಾಣ ನಡೀರೇ. ದಪ್ಪ ಕದಿರು ನನ್ನ ಗಂಡ ಕೂರಿಸ್ಕೊಡ್ತಾನೆ."

"ಪೊಲೀಸಿಗೆ ಹೇಳ್ತೀನಿ!"

"ಹೇಳಪ್ಪ. ರಿಜಿಸ್ಟರೂ ಹಿಡ್ಕಂಡು ಬಾ."

ದ್ಯಾಮಮ್ಮ ಎದ್ದಳು. ಓಬವ್ವ ಎದ್ದಳು. ಕತ್ತಲ ಮೂಲೆಯಿಂದ ಕಾಳಕ್ಕ ಕೆಮ್ಮುತ್ತ ಬಂದಳು. "ಅಧ್ಯಕ್ಷೆ ಈಗ ಅಧ್ಯಕ್ಷೆ ಆದ್ಲು ನೋಡ್ರೇ," ಎಂದು ನಕ್ಕಳು. ನಗು ಮತ್ತೆ ಕೆಮ್ಮಾಯಿತು. ಹತ್ತೂ ಜನ ಹೊರಬಿದ್ದು, ಹಟ್ಟಿಗೆ ಹೋಗುವ ಹೊಸದುರ್ಗದ ರಸ್ತೆ ಹಿಡಿದರು. ಬಸ್ಸಿಗೆ ಕಾಸು ಯಾರೂ ತಂದಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅರ್ಧ ಮೈಲಿ ಹೋಗುವಷ್ಟರಲ್ಲಿ ಹಿಂದೆ ವ್ಯಾನಿನ ಸದ್ದು ಕೇಳಿತು. ಅದು ನಿಧಾನವಾಗಿ ಪಕ್ಕಕ್ಕೆ ಬಂತು. ಏಕಾಂತಪ್ಪ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೈಮುಗಿದಿದ್ದ.

"ನಿಂಗಕ್ಕ, ನಿನ್ನ ತಮ್ಮ ಅಂತ ತಿಳ್ಕ. ನಾಳೆ ಒಂದಿನ ಕೊಡು. ಹಿರಿಯೂರಾಗೆ ಏನು ತೋರಿಸ್ಲಿ ನಾನು?"

"ಖಾಲಿ ಶೆಡ್ ತೋರ್ಸು," ಎಂದಳು ನಿಂಗಕ್ಕ. ಅವನ ಮುಖ ನೋಡಿ ಅಯ್ಯೋ ಅನಿಸಿತು. ಅವನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೂ ಹೆಜ್ಜೆ ನಿಲ್ಲಿಸಲಿಲ್ಲ.

ವ್ಯಾನು ಮುಂದಕ್ಕೆ ಓಡಿ, ತಿರುಗಿ, ರಸ್ತೆಗೆ ಅಡ್ಡ ನಿಂತಿತು. ಅದರ ಹಿಂಬಾಗಿಲು ತೆರೆದಿತ್ತು. ಹೆಂಗಸರು, ಬಂಡೆ ಅಡ್ಡ ಬಂದರೆ ಕುರಿ ಹಿಂಡು ಒಡೆಯುವಂತೆ, ಆಚೆ ಐದು ಈಚೆ ಐದು ಜನ ಚರಂಡಿಗೆ ಇಳಿದರು. ಒಬ್ಬರ ಕೈ ಒಬ್ಬರು ಹಿಡಿದು ವ್ಯಾನು ದಾಟಿ ರಸ್ತೆಗೆ ಹತ್ತಿದರು. ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಮುಂದೊಂದು ಮೈಲಿಗಲ್ಲು ಸಿಕ್ಕಿತು. ಓಬವ್ವ ರಾಟೆ ಅಲುಗದಂತೆ ಕತ್ತು ನೆಟ್ಟಗಿಟ್ಟುಕೊಂಡು, ಕಣ್ಣಷ್ಟೇ ಇಳಿಸಿ ಓದಿದಳು.

"ಎಷ್ಟೈತೆ?" ಎಂದು ನಿಂಗಕ್ಕ ಕೇಳಿದಳು.

"ಹೊಸದುರ್ಗಕ್ಕೇ ಇಪ್ಪತ್ತೇಳು."

ಹಿಂದಿನಿಂದ ಕಾಳಕ್ಕನ ಕೆಮ್ಮು ಕೇಳುತ್ತಿತ್ತು.

"ಅವಳಿಗೆ ಹೇಳ್ಬ್ಯಾಡ," ಎಂದಳು ನಿಂಗಕ್ಕ.