ಅದಲು ಬದಲು

"ಏ ಮುದಿ ಗೊಡ್ಡೇ, ಉಚ್ಚೆ ಹೊಯ್ಯೋಕೆ ಹೋದ್ಯೋ, ಇಲ್ಲ ಅಲ್ಲೇ ಹಾಸ್ಕೊಂಡು ಮಲಗಿದ್ಯೋ?"

ಗಡಿಯಾರ ಪಾಯಿಖಾನೆಯ ಬಾಗಿಲನ್ನು ದಬದಬ ಬಡಿಯುತ್ತಿದ್ದ. ದೊಡ್ಡ ಹೋಟೆಲೊಂದರ ಲಾಂಡ್ರಿಗೆ ಅವನು ಸೂಪರ್‌ವೈಸರ್. ಹೆಂಗಸರು ಒಳಗೆ ಹೋದರೆ ಹೊರಗೆ ನಿಂತು ಕೈಗಡಿಯಾರ ನೋಡುವುದೇ ಅವನ ಘನಕಾರ್ಯವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಒಳಗಿದ್ದವಳು ಅತ್ತೆ, ಇಸ್ತ್ರಿ ಮೇಜಿನ ಮುಂದೆ ಹಲ್ಲು ಕಚ್ಚಿಕೊಂಡು ನಿಂತಿದ್ದವಳು ಅವಳ ಸೊಸೆ.

ಅತ್ತೆ ಹೊರಬಂದಳು. "ನಿಮ್ಮವ್ವ ಹೋದಾಗ್ಲೂ ಹಿಂಗೇ ಬಾಗಿಲು ಬಡೀತೀಯೇನಪ್ಪ?"

"ನಮ್ಮವ್ವ ನಿನ್ನಂಗೆ ಕೂಲಿಗೆ ಬಂದೋಳಲ್ಲ. ನಡಿ, ನಾಳೆ ನಿನ್ನ ಗ್ರಹಚಾರ ಬಿಡಿಸ್ತೀನಿ."

ನಾಳೆ ತರಬೇತಿಯಿತ್ತು. ಹಿರಿಯ ಕಿರಿಯ ಕೆಲಸಗಾರರು ಹೊಂದಿಕೊಂಡು ಬಾಳುವುದನ್ನು ಕಲಿಸುತ್ತಾರಂತೆ. ಗಡಿಯಾರ ಸೊಸೆಯನ್ನು ಪಕ್ಕಕ್ಕೆ ಕರೆದ. "ಮುದುಕಿಯರಿಂದ ಕೆಲಸ ಹಾಳಾಗ್ತಿದೆ ಅಂತ ಮಾಲೀಕರ ಮುಂದೆ ಹೇಳು. ನಿಮ್ಮತ್ತೆಯಿಂದಾನೇ ಶುರು ಮಾಡು. ಸೊಸೇನೇ ಹೇಳಿದ್ಲು ಅಂದ್ರೆ ಯಾರೂ ಕೆಮ್ಮಲ್ಲ. ಹೇಳ್ಲಿಲ್ಲ ಅಂದ್ರೆ ನೀನೂ ಅವಳ ಜೊತೆ ಮನೇಲಿ ಬಿದ್ದಿರು."

ಕಾದ ಇಸ್ತ್ರಿಯನ್ನು ಅವನ ಮೋರೆಗೆ ಒತ್ತಬೇಕೆನ್ನಿಸಿತು ಅವಳಿಗೆ. ಒತ್ತಿದ್ದು ದಿಂಬಿನ ಕವರಿಗೆ.

ಮನೆಯ ದಾರಿಯಲ್ಲಿ ಅತ್ತೆಗೆ ಎಲ್ಲ ಹೇಳಿದಳು.

"ಹೇಳ್ಬಿಡೇ," ಎಂದಳು ಅತ್ತೆ. "ಇಬ್ರೂ ಕೂತ್ರೆ ಒಲೆ ಹತ್ತುತ್ತಾ? ನಾನೇನು ನಿನ್ನ ಬೈಯಲ್ಲ."

"ದಿನಾ ಬೈತೀರಲ್ಲ?"

"ಅದು ಮನೇ ವಿಷಯ ಕಣೇ."

ಮರುದಿನ ತರಬೇತಿಯವಳು ನಗುನಗುತ್ತ ಬಂದಳು. ಮಾಲೀಕ ಕುರ್ಚಿ ಹಾಕಿಸಿಕೊಂಡು ಕೂತ. ಹೆಂಗಸರು ಇದ್ದಲ್ಲೇ ನಿಂತರು.

"ಹಳೇ ತಲೆಮಾರು, ಹೊಸ ತಲೆಮಾರು, ಬೇರೆ ಬೇರೆ ಸಂಸ್ಕೃತಿ. ಒಬ್ರನ್ನೊಬ್ರು ಅರ್ಥ ಮಾಡ್ಕೊಂಡ್ರೆ ಜಗಳಾನೇ ಇರಲ್ಲ," ಎಂದಳು ಅವಳು.

ಇರುವುದು ಒಂದೇ ಪಾಯಿಖಾನೆ, ಬಾಗಿಲು ಬಡಿಯುವವನೂ ಒಬ್ಬನೇ. ಇದರಲ್ಲಿ ಅದ್ಯಾವ ತಲೆಮಾರಿನ ಜಗಳವೋ ಸೊಸೆಗೆ ಹೊಳೆಯಲಿಲ್ಲ.

"ಈಗೊಂದು ಆಟ. ಒಬ್ರ ಜಾಗದಲ್ಲಿ ಇನ್ನೊಬ್ರು ನಿಲ್ಲೋದು. ಅಮ್ಮಾ, ನೀವು ಸೊಸೆ ಆಗ್ತೀರಾ?"

"ಅದನ್ನ ಆಗಿ ಮುಗಿಸಿದೀನಿ ತಾಯಿ," ಎಂದ ಅತ್ತೆ ಗಡಿಯಾರನತ್ತ ಬೆರಳು ತೋರಿಸಿದಳು. "ನಾನು ಇವನಾಗ್ತೀನಿ."

ತರಬೇತಿಯವಳಿಗೆ ಖುಷಿಯೋ ಖುಷಿ; ಚಪ್ಪಾಳೆ ತಟ್ಟಿದಳು. ಗಡಿಯಾರ ಹಿಂದೇಟು ಹಾಕಿದ. "ಹೋಗಯ್ಯ, ಆಟ ತಾನೇ," ಎಂದ ಮಾಲೀಕ.

ಅತ್ತೆ ಅವನ ಕೈಗೆ ಇಸ್ತ್ರಿ ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೋ ಕತ್ತೆ, ಕೈಗೆ ಲಕ್ವಾ ಹೊಡೆದಿದ್ಯಾ? ಒತ್ತೋ! ನಿನ್ನಂಥ ನೂರು ಹಂದಿಗಳು ಗೇಟಿನ ಹೊರಗೆ ಕಾಯ್ತಿವೆ."

ಆ ಮಾತುಗಳು ಹೆಂಗಸರಿಗೆಲ್ಲ ಬಾಯಿಪಾಠ. "ಬಸುರಿಯಾದ್ರೆ ಮನೇಲಿ ಬಿದ್ಕೋ, ಅದನ್ನೂ ಹೇಳಮ್ಮ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಅತ್ತೆ ಅದನ್ನೂ ಹೇಳಿದಳು. ಸೊಸೆಗೆ ನಗು ತಡೆಯಲಾಗಲಿಲ್ಲ. ಎಷ್ಟೋ ಕಾಲದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ನಗು ಅದು. ಗಡಿಯಾರನ ಕೈಕೆಳಗೆ ಬೆಡ್‌ಶೀಟು ಕರಕಲಾಯಿತು.

"ಬಾಯ್ಮುಚ್ಚೇ ಮುದಿ ಹೆಣವೇ!" ಅವನು ಇಸ್ತ್ರಿಯನ್ನು ಕುಕ್ಕಿದ.

ತರಬೇತಿಯವಳ ನಗು ಇಂಗಿತು. "ಸಾಕು," ಎಂದ ಮಾಲೀಕ. "ಮುದುಕಿ ನಾಳೆಯಿಂದ ಬರೋದು ಬೇಡ." ಆಮೇಲೆ ಸೊಸೆಯ ಕಡೆ ತಿರುಗಿದ. "ಏನೋ ಹೇಳ್ಬೇಕಿತ್ತಂತಲ್ಲ ನೀನು? ಹೇಳು."

ಗಡಿಯಾರ ಕಣ್ಸನ್ನೆ ಮಾಡಿದ. ಅತ್ತೆಯೂ ಹೇಳೆಂಬಂತೆ ತಲೆಯಾಡಿಸಿದಳು. ಒಂದು ಮಾತು ಹೇಳಿದರೆ ಒಂದು ಸಂಬಳವಾದರೂ ಉಳಿಯುತ್ತದೆ. ಸೊಸೆ ಇಸ್ತ್ರಿಯ ಸ್ವಿಚ್ಚು ಆರಿಸಿ ಮುಂದೆ ಬಂದಳು.

"ನನ್ನ ಆಟ ಇನ್ನೂ ಆಗಿಲ್ಲ."

"ನೀವು... ಯಾರಾಗ್ತೀರಿ?" ತರಬೇತಿಯವಳ ದನಿ ಕ್ಷೀಣವಾಗಿತ್ತು.

ಸೊಸೆ ಹೋಗಿ ಮಾಲೀಕನ ಕುರ್ಚಿಯ ಮುಂದೆ ನಿಂತಳು.

"ಏಳು ಮೇಲೆ," ಎಂದಳು.