ಮಹಾದೇವಕ್ಕನ ಮೊಣಕಾಲಿನ ಮುಷ್ಕರ

ಸಮಸ್ತ ಸಾರ್ವಜನಿಕರ ಗಮನಕ್ಕೆ: ಕಿರಿಯ ಆರೋಗ್ಯ ಸಹಾಯಕಿ ಮಹಾದೇವಕ್ಕನ ಎಡ ಮೊಣಕಾಲು ಇಂದು ಮುಂಜಾನೆಯಿಂದ ಅನಿರ್ದಿಷ್ಟಾವಧಿ ಮುಷ್ಕರ ಹೂಡಿದೆ. ಬಲ ಮೊಣಕಾಲು ಬಾಹ್ಯ ಬೆಂಬಲ ಘೋಷಿಸಿದೆ.

ಐವತ್ತೆಂಟಾದರೂ ಮಹಾದೇವಕ್ಕ ಸರಕಾರದ ಲೆಕ್ಕದಲ್ಲಿ ಇನ್ನೂ 'ಕಿರಿಯ'ಳೇ. ಹಿಂಗಾರಿ ಮಳೆಗೆ ಕುಂದಗೋಳ ಸೀಮೆಯ ಎರೆಮಣ್ಣು ಚಪ್ಪಲಿಗೆ ಮೆತ್ತಿ, ಒಂದೊಂದು ಕಾಲೂ ಒಂದೊಂದು ಗುಂಡುಕಲ್ಲಾಗಿತ್ತು. ಹೆಗಲಿಗೆ ಕೊರೊನಾ ಲಸಿಕೆಯ ಡಬ್ಬಿ, ಜೊತೆಗೆ ಆಶಾ ಕಾರ್ಯಕರ್ತೆ ಜೈನಬಿ.

"ಕನಕಪ್ಪಣ್ಣಾ, ಬಾಗಲಾ ತಗೀರಿ, ಸೂಜಿ ಹಾಕಾಕ ಬಂದೇವಿ!" ಜೈನಬಿ ಕದ ಬಡಿದಳು.

"ಮನ್ಯಾಗ ಯಾರೂ ಇಲ್ಲರಿ!" ಒಳಗಿನಿಂದ ಕನಕಪ್ಪ ಕೂಗಿದ.

"ಮತ್ತ ಮಾತಾಡಾಂವ ಯಾರೋ?"

"ನಾನೂ ಇಲ್ಲರಿ!"

ಮಹಾದೇವಕ್ಕ ಕಟ್ಟೆಯ ಮೇಲೆ ಕುಸಿದಳು. ಆಗಲೇ ಮೊಬೈಲು ರಿಂಗಾಯಿತು. ಆರೋಗ್ಯ ಸಿಬ್ಬಂದಿಯ ಮನಸ್ಸಿನ ಆರೋಗ್ಯ ವಿಚಾರಿಸುವ ಮುದ್ರಿತ ದನಿ: "ನೆಮ್ಮದಿಯಾಗಿದ್ದರೆ ಒಂದು ಒತ್ತಿ, ಒತ್ತಡವಿದ್ದರೆ ಎರಡು ಒತ್ತಿ." ಎರಡು ಒತ್ತಿದಳು. "ಧನ್ಯವಾದಗಳು" ಎಂದು ಫೋನು ಕಟ್ಟಾಯಿತು. ಒತ್ತಡದ ಮೇಲೊಂದು ಒತ್ತು, ಅಷ್ಟೇ.

"ನೋಡ ಜೈನಬಿ, ನನಗ ಕೊರೊನಾ ವಾರಿಯರ್ ಅಂತಾರ. ನನ್ನ ವಾರಿಗಿಯವರೆಲ್ಲಾ ಮನ್ಯಾಗ ಕುಂತು ಚುರಮುರಿ ತಿನ್ನಾಕತ್ತಾರ. ನಾ ಮನಿಗೆ ಹೋದ್ರ ಸೊಸಿ ರೋಗ ಅಂಟೀತಂತ ನನ್ನ ತಾಟು ಹೊರಗಿನ ಕಟ್ಟಿಮ್ಯಾಲೆ ಸರಸ್ತಾಳ. ಸಾಕಾತವಾ."

"ಅಕ್ಕಾರ, ಐವತ್ತೈದು ದಾಟಿ ಸಕ್ಕರಿ ಬ್ಯಾನಿ ಇದ್ದವರಿಗೆ ಕೋವಿಡ್ ಕೆಲಸಾ ಕೊಡಬಾರದಂತ ಆದೇಶ ಬಂದೈತಂತ. ನಿಮಗ ಎರಡೂ ಅದಾವಲ್ಲ!"

ಹುಟ್ಟಿದಾಗಿನಿಂದ ಇದೇ ಮೊದಲ ಸಲ ಮಹಾದೇವಕ್ಕನಿಗೆ ಸಕ್ಕರೆ ಬೇನೆ ಸಿಹಿಯೆನಿಸಿತು. ಇನ್ನು ಉಪಕೇಂದ್ರದ ಕುರ್ಚಿಯ ಮೇಲೆ ಕುಳಿತು, ಕೂಸುಗಳನ್ನು ತೂಗುತ್ತ ನಿವೃತ್ತಿಯವರೆಗೆ ಕಾಲ ಕಳೆಯುವುದು, ಕಾಲು ಉಳಿಸಿಕೊಳ್ಳುವುದು.

ಮರುದಿನ ಮೇಲಿನ ಕಚೇರಿಗೆ ಹೋದಳು. ಅದು ನಿಜಕ್ಕೂ ಮೇಲಿತ್ತು, ಎರಡನೆಯ ಮಹಡಿಯಲ್ಲಿ. ಮುಷ್ಕರನಿರತ ಕಾಲುಗಳನ್ನು ಬೈದು, ಬೇಡಿ, ಹತ್ತಿಸಿದಳು. ಗುಮಾಸ್ತ ದಿನಕರ ರಕ್ತಪರೀಕ್ಷೆಯ ಚೀಟಿ ನೋಡಿ ಅರಳಿದ.

"ವಯಸ್ಸು ಬರೋಬ್ಬರಿ ಅದ. ಸಕ್ಕರಿ ಅಂತೂ ಅಗದಿ ಚೊಲೋ ಅದರಿ, ಮುನ್ನೂರು!"

"ಹಂಗಾರ ನಾಳಿಂದ ಕುಂತು ಮಾಡೋ ಕೆಲಸಾ ಕೊಡ್ರಿ."

"ಈಗ ಏನ್ ಮಾಡ್ತೀರಿ?"

"ಮನಿಮನಿ ಅಡ್ಡಾಡಿ ಕೊರೊನಾ ಲಸಿಕಿ ಹಾಕ್ತೇನ್ರಿ."

ದಿನಕರ ಆದೇಶವನ್ನು ಇನ್ನೊಮ್ಮೆ ಓದಿ ಮುಖ ಸಣ್ಣದು ಮಾಡಿದ. "ಅದಽ ತೊಡಕು ನೋಡ್ರಿ ಅಕ್ಕಾರ. ಕೋವಿಡ್ ಕೆಲಸಾ ಅಂದ್ರ ಕೋವಿಡ್ ಬಂದವರ ಕೆಲಸಾ. ನೀವು ಮಾಡೋದು ಬರಬಾರದಂತ ಮಾಡೋ ಕೆಲಸಾ. ಅಂದ್ರ ಅದು ಕೋವಿಡ್ ಇಲ್ಲದ ಕೆಲಸಾ. ವಿನಾಯಿತಿ ಬರಂಗಿಲ್ಲ."

ಮಹಾದೇವಕ್ಕನ ತಲೆ ಕಾದ ಹಂಚಾಯಿತು. "ಹಂಗಾರ ಕೋವಿಡ್ ವಾರ್ಡಿಗೇ ಹಾಕ್ರಿ ನನ್ನ. ಅಲ್ಲೆ ಕುಂದ್ರಾಕರ ಒಂದು ಕುರ್ಚಿ ಇರತೈತಿ!"

"ಅದ್ಹೆಂಗ ಆಗತದರಿ?" ಎಂದ ದಿನಕರ, ಆದೇಶದ ಮೇಲೆ ಬೆರಳಿಟ್ಟು. "ಅಲ್ಲಿಂದ ನಿಮಗ ವಿನಾಯಿತಿ ಅದ."